ಖೈಸರನ ಹೆಸರು, ಬಲ್ಲಹನ ಬಿರುದು

ಆಳಂದ ತಾಲೂಕಿನ ಮಾದನಹಿಪ್ಪರಗಾದಲ್ಲಿ, ಶ್ರಾವಣಮಾಸದ ಒಂದು ಸಂಜೆ, ನಿವೃತ್ತರಾದ ಇತಿಹಾಸದ ಮಾಸ್ತರರೊಬ್ಬರಿಗೂ, ಅವರ ಕೈಯಲ್ಲಿ ಕಲಿತು ಈಗ ಕಲಬುರಗಿಯ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ದಾದಿಯಾಗಿರುವ ಶಿಷ್ಯೆಗೂ ನಡೆದ ಸಂವಾದವಿದು.

ಶಿಷ್ಯೆ: ಮಾಸ್ತರರೆ, ಈ ತಿಂಗಳು ದಾಖಲೆಯ ಹಾಳೆಯೊಂದನ್ನು ತುಂಬುತ್ತಿದ್ದಾಗ ಒಂದು ಸಂಗತಿ ನನ್ನ ಲಕ್ಷ್ಯವನ್ನು ಹಿಡಿದು ನಿಲ್ಲಿಸಿತು. ಆಳಂದದ ಕಡೆಯ ಮುಸಲ್ಮಾನ ಕುಟುಂಬದ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ಕಷ್ಟವಾಗಿ, ವೈದ್ಯರು ಶಸ್ತ್ರಕ್ರಿಯೆ ಮಾಡಿ ಮಗುವನ್ನು ತೆಗೆದರು. ತಾರೀಖಿನ ಜಾಗದಲ್ಲಿ 'ಆಗಸ್ಟ್' ಎಂದು ಬರೆದೆ. ಹೆರಿಗೆಯ ವಿಧವೆಂಬಲ್ಲಿ 'ಸಿಸೇರಿಯನ್' ಎಂದು ಬರೆದೆ. ಮರುದಿನ ಮಗುವಿನ ಅಜ್ಜ ಬಂದು, ಮೊಮ್ಮಗನಿಗೆ ಇಡುವ ಹೆಸರು 'ಖೈಸರ್' ಎಂದು ಹೇಳಿ ಬರೆಯಿಸಿದರು. ಮೂರೂ ಒಂದರ ಕೆಳಗೊಂದು ಕಂಡಾಗ, ಒಂಬತ್ತನೆಯ ಇಯತ್ತೆಯಲ್ಲಿ ರೋಮಿನ ಪಾಠ ಮಾಡುವಾಗ ನೀವು ಹೇಳಿದ್ದು ನೆನಪಿಗೆ ಬಂದಿತು. ಇವು ಮೂರೂ ಒಂದೇ ಮನೆತನದ ಹೆಸರುಗಳಲ್ಲವೆ?

ಮಾಸ್ತರರು: ಅಹುದು ತಂಗಿ, ಒಂದೇ ಮನೆತನದವು. ರೋಮಿನ ಕುಲೀನನೊಬ್ಬನಿಗೆ ಸಾಮಾನ್ಯವಾಗಿ ಮೂರು ಹೆಸರುಗಳಿರುತ್ತಿದ್ದುವು: ಮನೆಯವರು ಕರೆಯುವ ವ್ಯಕ್ತಿನಾಮ, ವಂಶವನ್ನು ಸೂಚಿಸುವ ಕುಲನಾಮ, ಆ ವಂಶದ ಒಂದು ಶಾಖೆಗೆ ಹತ್ತಿಕೊಂಡ ಅಡ್ಡಹೆಸರು. ಕ್ರಿಸ್ತಪೂರ್ವ 100ರಲ್ಲಿ ಹುಟ್ಟಿ, ಗಾಲ್ ದೇಶವನ್ನು ಗೆದ್ದು, ತನ್ನ ನಾಡಿನ ಗಣರಾಜ್ಯವನ್ನು ಕೈವಶ ಮಾಡಿಕೊಂಡು, ಕ್ರಿಸ್ತಪೂರ್ವ 44ರ ಮಾರ್ಚ್ 15ರಂದು ಸಭಾಸದರ ಕಠಾರಿಗಳಿಗೆ ಬಲಿಯಾದ ಆ ದಂಡನಾಯಕನ ವ್ಯಕ್ತಿನಾಮ ಗಾಯಸ್, ಕುಲನಾಮ ಜೂಲಿಯಸ್, ಅಡ್ಡಹೆಸರು ಸೀಸರ್. ತಾಯಿ ಕರೆದಿದ್ದ ಗಾಯಸ್ ಎಂಬುದನ್ನು ಇಂದು ಯಾರೂ ನೆನೆಯರು. ಕುಲನಾಮ ಜುಲೈ ತಿಂಗಳಾಗಿ ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿದೆ. ಅಡ್ಡಹೆಸರಾದರೋ ಭೂಮಂಡಲವನ್ನೆಲ್ಲ ಸುತ್ತಿಬಂದಿದೆ. ಸೀಸರನು ಮರಣಶಾಸನದಲ್ಲಿ ತನ್ನ ಸೋದರಿಯ ಮೊಮ್ಮಗನಾದ ಆಕ್ಟೇವಿಯಸ್ ಎಂಬ ಹುಡುಗನನ್ನು ದತ್ತಕ್ಕೆ ತೆಗೆದುಕೊಂಡಿದ್ದನು. ಆ ಹುಡುಗನು ಆಸ್ತಿಯೊಂದಿಗೆ ಹೆಸರನ್ನೂ ಧರಿಸಿ, ಅದರ ಬಲದಿಂದಲೇ ಸೈನ್ಯವನ್ನು ಕೂಡಿಸಿ, ಕ್ರಿಸ್ತಪೂರ್ವ 27ರಲ್ಲಿ 'ಆಗಸ್ಟಸ್' ಎಂಬ ಪೂಜ್ಯವಾಚಕವಾದ ಬಿರುದನ್ನು ಪಡೆದು, ಚಕ್ರವರ್ತಿಯಾಗಿ ಆಳಿದನು. ನಿನ್ನ ಹಾಳೆಯ ಆಗಸ್ಟ್ ಅವನೇ. ಅವನ ವಂಶ ನೀರೋನೊಡನೆ ಕ್ರಿಸ್ತಶಕ 68ರಲ್ಲಿ ಮುಗಿಯಿತು. ಹೆಸರು ಮಾತ್ರ ಮುಗಿಯಲಿಲ್ಲ. ಸೀಸರನ ಮನೆಗೆ ರಕ್ತದ ನಂಟಾಗಲಿ ದತ್ತಕದ ನಂಟಾಗಲಿ ಲವಲೇಶವೂ ಇಲ್ಲದವರು ಪಟ್ಟಕ್ಕೆ ಬಂದು ತಮ್ಮನ್ನು ಸೀಸರರೆಂದು ಕರೆದುಕೊಂಡರು; ಕ್ರಮೇಣ ಅದು ಯುವರಾಜ ಪದವಿಯ ಹೆಸರಾಯಿತು; 293ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿಯು ರಾಜ್ಯಭಾರವನ್ನು ನಾಲ್ವರಿಗೆ ಹಂಚಿದಾಗ ಹಿರಿಯರಿಬ್ಬರು ಆಗಸ್ಟಸರೆಂದೂ ಕಿರಿಯರಿಬ್ಬರು ಸೀಸರರೆಂದೂ ಕರೆಯಿಸಿಕೊಂಡರು.

ಶಿಷ್ಯೆ: ಹೆರಿಗೆಯ ಮಾತು ಹೇಗೆ ಬಂದಿತು? ನಮ್ಮ ವಾರ್ಡಿನಲ್ಲಿ ಸಿಸೇರಿಯನ್ ಎಂದು ಪೂರ್ತಿ ಹೇಳುವವರು ಕಡಿಮೆ. ಹಳ್ಳಿಯಿಂದ ಬಂದ ಅತ್ತೆಯಂದಿರು 'ಸೀಜರ್ ಮಾಡ್ಯಾರ' ಎನ್ನುತ್ತಾರೆ, ಅವರ ಬಾಯಲ್ಲಿ ಹೆಸರು ಹೆಚ್ಚುಕಡಿಮೆ ಇಡಿಯಾಗಿಯೇ ಇದೆ. ಸೀಸರನು ತಾಯಿಯ ಹೊಟ್ಟೆಯನ್ನು ಕೊಯ್ದು ಹುಟ್ಟಿದವನು, ಆದುದರಿಂದ ಆ ಹೆಸರು ಬಂದಿತು ಎಂದು ನಾವು ತರಬೇತಿಯಲ್ಲಿ ಕೇಳಿದ್ದೇವೆ.

ಮಾಸ್ತರರು: ಅದು ಪ್ರಸಿದ್ಧವಾದ ಕಥೆ, ಸತ್ಯವಲ್ಲ. ಆ ಕಾಲದಲ್ಲಿ ಹೊಟ್ಟೆಯನ್ನು ಕೊಯ್ದ ಮೇಲೆ ತಾಯಿ ಉಳಿಯುತ್ತಿರಲಿಲ್ಲ. ಗರ್ಭಿಣಿ ಸತ್ತರೆ ಕೂಸನ್ನು ಹೊರತೆಗೆಯದೆ ಶವವನ್ನು ಹೂಳಬಾರದೆಂಬ ಪುರಾತನ ಶಾಸನವೊಂದು ರೋಮಿನಲ್ಲಿದ್ದಿತು, ಅಂದರೆ ಆ ಶಸ್ತ್ರಕ್ರಿಯೆ ಸತ್ತವಳ ಮೇಲೆ ನಡೆಯುವಂತಹುದು. ಸೀಸರನ ತಾಯಿ ಔರೇಲಿಯಾಳಾದರೋ, ಮಗ ನಲವತ್ತೈದನ್ನು ದಾಟಿ ಗಾಲ್ ದೇಶದಲ್ಲಿ ಯುದ್ಧದಲ್ಲಿ ತೊಡಗಿದ್ದಾಗ, ಕ್ರಿಸ್ತಪೂರ್ವ 54ರಲ್ಲಿ ತೀರಿಕೊಂಡಳು. ಸೀಸರ್ ಎಂಬ ಅಡ್ಡಹೆಸರು ಅವನಿಗಿಂತ ಹಲವು ತಲೆಮಾರು ಹಳೆಯದು. ಹೊಟ್ಟೆಯಿಂದ ಕೊಯ್ದು ತೆಗೆಯಲ್ಪಟ್ಟ ಪೂರ್ವಜನೊಬ್ಬನಿಂದ ಅದು ಬಂದಿತೆಂದು ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ದಟ್ಟವಾದ ತಲೆಗೂದಲಿನಿಂದ ಬಂದಿತೆಂದು ಕೆಲವರು, ಆನೆಯನ್ನು ಕೊಂದ ಹಿರಿಯನಿಂದ ಬಂದಿತೆಂದು ಕೆಲವರು ಹೇಳುತ್ತಿದ್ದರು. ಹೆರಿಗೆಗೆ ಈ ಹೆಸರನ್ನು ಗಟ್ಟಿಯಾಗಿ ಹತ್ತಿಸಿದವನು ಫ್ರಾನ್ಸಿನ ಫ್ರಾಂಸ್ವಾ ರೂಸೆ ಎಂಬ ವೈದ್ಯ, 1581ರಲ್ಲಿ. ಜೀವಂತಳಾದ ತಾಯಿಯನ್ನೂ ಈ ಕ್ರಮದಿಂದ ಉಳಿಸಬಹುದೆಂದು ವಾದಿಸುವ ಗ್ರಂಥವನ್ನು ಅವನು ಬರೆದನು. ಅವನ ಆಸೆ ಕೈಗೂಡಲು ಅರಿವಳಿಕೆಯೂ, ಕ್ರಿಮಿನಾಶಕಗಳೂ, ಗರ್ಭಕೋಶವನ್ನು ಹೊಲಿಯುವ ಪದ್ಧತಿಯೂ ಬರಬೇಕಾಯಿತು. ಸಾವಿರಾರು ತಾಯಂದಿರು ಇಂದು ಬದುಕಿ ಮನೆಗೆ ಹೋಗುವ ಶಸ್ತ್ರಕ್ರಿಯೆಯೊಂದು ಆ ದಂಡನಾಯಕನ ಹೆಸರನ್ನು ಹೊತ್ತಿರುವುದು ಅವನ ಯಾವ ದಿಗ್ವಿಜಯಕ್ಕಿಂತಲೂ ಶ್ರೇಷ್ಠವಾದುದೆಂದು ನಾನು ಎಣಿಸುತ್ತೇನೆ.

ಶಿಷ್ಯೆ: ಇದೆಲ್ಲ ಇಂಗ್ಲಿಷರು ಬಂದ ಮೇಲೆ ನಮಗೆ ತಿಳಿದ ಹೆಸರೆಂದು ನಾನು ಭಾವಿಸಿದ್ದೆ.

ಮಾಸ್ತರರು: ಇಂಗ್ಲಿಷರಿಗಿಂತ ಸಾವಿರದ ಆರುನೂರು ವರ್ಷ ಮೊದಲೇ ಆ ಹೆಸರು ಕರ್ನಾಟಕಕ್ಕೆ ಬಂದಿತ್ತು, ಬೆಳ್ಳಿಯ ಮೇಲೆ ಅಚ್ಚಾಗಿ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದುವು, 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ 256 ದೊರೆತುವು; ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ, ಶಾತವಾಹನರ ನಾಣ್ಯಗಳು ಬಂದ ನೆಲದಿಂದಲೇ, ಆಗಸ್ಟಸನ ಮತ್ತು ಅವನ ತರುವಾಯ ಆಳಿದ ತಿಬೇರಿಯಸನ ದಿನಾರಿಗಳೆಂಬ ಬೆಳ್ಳಿ ನಾಣ್ಯಗಳು ಬಂದುವು. ನಮ್ಮ ದೇಶದಲ್ಲಿ ಅತಿ ಹೆಚ್ಚಾಗಿ ದೊರೆಯುವ ಆಗಸ್ಟಸನ ಬೆಳ್ಳಿಯ ದಿನಾರಿ ಒಂದು ಬಗೆಯದು. ಅದನ್ನು ನಾನು ವಸ್ತುಸಂಗ್ರಹಾಲಯದ ಗಾಜಿನ ಈಚೆ ನಿಂತು ಬಹಳ ಹೊತ್ತು ನೋಡಿದ್ದೇನೆ. ನಾಲ್ಕು ಗ್ರಾಮಿಗೆ ತುಸು ಕಡಿಮೆ ತೂಕ, ಹೆಬ್ಬೆರಳ ಉಗುರಿನಷ್ಟು ಅಗಲ. ಒಂದು ಮುಖದಲ್ಲಿ ಎಲೆಗಳ ಮಾಲೆಯನ್ನು ಮುಡಿದ ಆಗಸ್ಟಸನ ತಲೆ, ಸುತ್ತಲೂ ಅವನ ಹೆಸರು, ಅದರ ಮೊದಲ ಮಾತೇ ಸೀಸರ್. ಹಿಂದಿನ ಮುಖದಲ್ಲಿ ಗುರಾಣಿ ಈಟಿಗಳನ್ನು ನಡುವೆ ಇಟ್ಟುಕೊಂಡು ನಿಂತ ಇಬ್ಬರು ಬಾಲಕರು. ಅವರು ಅವನ ಮಗಳ ಮಕ್ಕಳು, ಅವನೇ ದತ್ತಕ್ಕೆ ತೆಗೆದುಕೊಂಡ ಗಾಯಸ್ ಸೀಸರ್ ಮತ್ತು ಲೂಷಿಯಸ್ ಸೀಸರ್. ಅಜ್ಜನ ತರುವಾಯ ರಾಜ್ಯವನ್ನಾಳಬೇಕಾಗಿದ್ದ ಇಬ್ಬರೂ ತಾರುಣ್ಯದಲ್ಲಿಯೇ, ಕ್ರಿಸ್ತಶಕ 2ರಲ್ಲಿ ಒಬ್ಬನು, 4ರಲ್ಲಿ ಒಬ್ಬನು, ಅಜ್ಜನ ಕಣ್ಣೆದುರಿಗೇ ಕಾಲವಾದರು. ಅವರ ಹೆಸರುಳ್ಳ ನಾಣ್ಯಗಳು ಮಾತ್ರ ಮುಂಗಾರಿನ ಗಾಳಿಯನ್ನು ಹಿಡಿದು ಹಡಗಿನಲ್ಲಿ ಬಂದು ಮೆಣಸಿಗೆ, ಮುತ್ತಿಗೆ, ಅರಿವೆಗೆ ಬೆಲೆಯಾದುವು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಷಿಯಸ್ ಹಣವನ್ನು ಸೆಳೆದುಕೊಳ್ಳುತ್ತಿದೆಯೆಂದು ಪ್ಲಿನಿ ಗೋಳಾಡಿದ್ದು ಇದನ್ನು ಕುರಿತೇ.

ಶಿಷ್ಯೆ: ಆ ವ್ಯಾಪಾರ ನಮ್ಮ ಸೀಮೆಯನ್ನು ಮುಟ್ಟಿತ್ತೆ?

ಮಾಸ್ತರರು: ನಮ್ಮ ಹತ್ತಿರದಲ್ಲಿಯೇ ಇತ್ತು. ಈ ಭಾಗದ ಭಕ್ತರು ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಹೋಗುವ ದಾರಿಯಲ್ಲಿ ಇನ್ನಷ್ಟು ಮುಂದಕ್ಕೆ ಹೋದರೆ ಧಾರಾಶಿವ ಜಿಲ್ಲೆಯ ತೇರ ಎಂಬ ಊರು ಸಿಕ್ಕುವುದು. ಗ್ರೀಕ್ ನಾವಿಕನ ಕಡಲಯಾನದ ಕೈಪಿಡಿಯಲ್ಲಿ, ಪೈಠಣದಿಂದ ಮೂಡಲಿಗೆ ಹತ್ತು ದಿನದ ಹಾದಿಯಲ್ಲಿರುವ ದೊಡ್ಡ ಪಟ್ಟಣವೆಂದು ಹೇಳಲ್ಪಟ್ಟ 'ತಗರ' ಅದೇ. ಅಲ್ಲಿಂದ ಅರಿವೆಗಳನ್ನು ಗಾಡಿಗಳಲ್ಲಿ ಹೇರಿ ಭರೂಚದ ಬಂದರಕ್ಕೆ ಸಾಗಿಸುತ್ತಿದ್ದರು. ಇನ್ನು ಕನ್ನಡದ ಬೈಬಲ್ಲಿನಲ್ಲಿ ಕೈಸರ ಎಂಬ ಮಾತನ್ನು ನೀನು ಕಂಡಿರಬಹುದು: ತೆರಿಗೆಯ ನಾಣ್ಯವನ್ನು ತರಿಸಿ, ಇದರ ಮೇಲಿರುವ ಮುಖ ಯಾರದೆಂದು ಯೇಸು ಕೇಳುವ ಪ್ರಸಂಗ. ಆ ನಾಣ್ಯವು ತಿಬೇರಿಯಸನ ದಿನಾರಿಯೆಂಬುದು ವಿದ್ವಾಂಸರಲ್ಲಿ ಬಹುಜನರ ಅಭಿಪ್ರಾಯ. ಅವನ ದಿನಾರಿಗಳೇ ಯಶವಂತಪುರದಲ್ಲಿಯೂ ಚಂದ್ರವಳ್ಳಿಯಲ್ಲಿಯೂ ದೊರೆತದ್ದು. ಪುರಾತನ ರೋಮನರು ಆ ಹೆಸರನ್ನು ಉಚ್ಚರಿಸುತ್ತಿದ್ದುದು 'ಕೈಸರ್' ಎಂದೇ. ಆದುದರಿಂದ ನಿನ್ನ ಹಾಳೆಯಲ್ಲಿ ಆ ಅಜ್ಜ ಬರೆಯಿಸಿದ ಹೆಸರು, ಇಂಗ್ಲಿಷಿನ ಮೂಲಕ ಬಂದ ಸೀಸರ್ ಎಂಬುದಕ್ಕಿಂತ ಮೂಲಕ್ಕೆ ಹತ್ತಿರ.

ಶಿಷ್ಯೆ: ಅವರಿಗೆ ಅದು ಎಲ್ಲಿಂದ ಬಂದಿತು?

ಮಾಸ್ತರರು: ಗ್ರೀಕರಿಂದ ಅರಬರಿಗೆ, ಅರಬರಿಂದ ಪಾರಸಿಗೆ, ಪಾರಸಿಯಿಂದ ಉರ್ದುವಿಗೆ. ಅರಬರಿಗೆ ಕಾನ್ಸ್ಟಾಂಟಿನೋಪಲ್ಲಿನ ಚಕ್ರವರ್ತಿ ಯಾವಾತನಿದ್ದರೂ ಅವನು ಕೈಸರನೇ. 1453ರಲ್ಲಿ ಆ ನಗರವನ್ನು ಗೆದ್ದ ತುರ್ಕರ ಸುಲ್ತಾನ ಮಹಮ್ಮದನು ರೂಮಿನ, ಎಂದರೆ ರೋಮಿನ, ಕೈಸರನೆಂಬ ಬಿರುದನ್ನು ತಾನೇ ಧರಿಸಿದನು. ನನ್ನ ತಂದೆಯವರು ಕಲಿತದ್ದು ನಿಜಾಮ ರಾಜ್ಯದ ಉರ್ದು ಶಾಲೆಯಲ್ಲಿ. 'ಕೈಸರ್-ಎ-ರೂಮ್' ಎಂಬುದು ಅವರ ಬಾಯಲ್ಲಿ ಕನ್ನಡದ ಮಾತಿನಷ್ಟೇ ಸಲೀಸಾಗಿ ಬರುತ್ತಿತ್ತು. ಅದಕ್ಕೂ ಬಹಳ ಹಿಂದೆ, ಸಿಂಧೂನದಿಯ ಅಟಕದ ಬಳಿ ದೊರೆತ ಆರಾ ಶಾಸನದಲ್ಲಿ, ಕುಷಾಣರ ಅರಸ ಕನಿಷ್ಕನೊಬ್ಬನಿಗೆ ಮಹಾರಾಜ, ರಾಜಾಧಿರಾಜ, ದೇವಪುತ್ರ ಎಂಬ ಬಿರುದುಗಳ ಸಾಲಿನಲ್ಲಿ 'ಕೈಸರ' ಎಂಬುದೂ ಇದೆ. ಭಾರತದ, ಇರಾನಿನ, ಚೀನದ, ರೋಮಿನ ನಾಲ್ಕು ದೊರೆತನಗಳನ್ನೂ ಆ ಒಬ್ಬ ಅರಸನು ತನ್ನ ಹೆಸರಿನ ಮುಂದೆ ಕೂಡಿಸಿಕೊಂಡನು. ರಷ್ಯದ ಇವಾನನು 1547ರಲ್ಲಿ ಧರಿಸಿದ 'ತ್ಸಾರ್', ಜರ್ಮನರು 1871ರಿಂದ 1918ರ ವರೆಗೆ ಪೂಜಿಸಿದ 'ಕೈಸರ್', ಎಲ್ಲವೂ ಇದರ ಕವಲುಗಳು. ವಿಕ್ಟೋರಿಯಾ ರಾಣಿಯನ್ನು ಈ ದೇಶದ ಚಕ್ರವರ್ತಿನಿಯೆಂದು ಸಾರಲು ತಕ್ಕ ಬಿರುದನ್ನು ಹುಡುಕುತ್ತಿದ್ದಾಗ, ಲಾಹೋರಿನ ವಿದ್ವಾಂಸನಾದ ಲೈಟ್ನರನು 'ಕೈಸರ್-ಎ-ಹಿಂದ್' ಎಂಬುದನ್ನು ಸೂಚಿಸಿದನು. 1877ರ ಜನವರಿ 1ರ ದೆಹಲಿ ದರಬಾರಿನಲ್ಲಿ ಅದನ್ನು ಘೋಷಿಸಿದರು. ಅದೇ ಹೆಸರಿನ ಪದಕವು 1900ರಿಂದ ಲೋಕಸೇವೆಗಾಗಿ ಸಲ್ಲತೊಡಗಿತು. 1915ರಲ್ಲಿ ಗಾಂಧೀಜಿಯವರಿಗೆ ಅದು ಬಂದಿತು, 1920ರಲ್ಲಿ ಅವರು ಅದನ್ನು ಹಿಂದಿರುಗಿಸಿದರು.

ಶಿಷ್ಯೆ: ಮಾಸ್ತರರೆ, ನಾನೊಂದು ಮಾತು ಹೇಳಲೆ? ಇವೆಲ್ಲವೂ ಆಳುವವರ ಕಥೆ. ಅಧಿಕಾರವಿದ್ದವರು ಹೆಸರನ್ನು ಹೇರಿದರು, ಉಳಿದವರು ಒಪ್ಪಿದರು. ಜುಲೈ ಆಗಸ್ಟ್ ಎಂಬುವೂ ಆಜ್ಞೆಯಿಂದಲೇ ನಿಂತವಲ್ಲವೆ?

ಮಾಸ್ತರರು: ಚಕ್ರವರ್ತಿಗಳ ಆಜ್ಞೆಗಳು ಹಲವು ಹೊರಟುವು, ನಿಂತುವು ಎರಡೇ. ನೀರೋನು ಏಪ್ರಿಲಿಗೆ ತನ್ನ ಹೆಸರನ್ನಿಟ್ಟನು. ಡೊಮಿಷಿಯನ್ನನು ಸೆಪ್ಟೆಂಬರ್ ಅಕ್ಟೋಬರುಗಳಿಗೆ ತನ್ನ ಬಿರುದನ್ನೂ ಹೆಸರನ್ನೂ ಕೊಟ್ಟನು. ಕಾಮೋಡಸನು ಹನ್ನೆರಡಕ್ಕೆ ಹನ್ನೆರಡನ್ನೂ ತನ್ನ ಹೆಸರು ಬಿರುದುಗಳಿಂದಲೇ ತುಂಬಿದನು. ಅವರವರ ಸಾವಿನೊಂದಿಗೆ ಆ ಹೆಸರುಗಳೂ ಅಳಿದುವು. ತಿಬೇರಿಯಸನ ಮುಂದೆ, ಸೆಪ್ಟೆಂಬರಿಗೆ ಅವನ ಹೆಸರನ್ನಿಡಬೇಕೆಂಬ ಸೂಚನೆ ಬಂದಾಗ ಅವನು ಒಪ್ಪಲಿಲ್ಲ. ಒಪ್ಪಿ ಅದು ನಿಂತಿದ್ದರೆ, 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದೊಳಗೆ ಸೇರಿದ ಸೆಪ್ಟೆಂಬರ್ 17ನ್ನು ನಾವು ಅವನ ಹೆಸರಿನಿಂದ ಕರೆಯುತ್ತಿದ್ದೆವು. ಜುಲೈ ನಿಂತುದಕ್ಕೆ ಕಾರಣ ಬೇರೆ. ರೋಮಿನ ಪಂಚಾಂಗವು ಋತುಗಳಿಂದ ಎಷ್ಟು ಜಾರಿಹೋಗಿತ್ತೆಂದರೆ, ಅದನ್ನು ಸರಿಪಡಿಸಲು ಕ್ರಿಸ್ತಪೂರ್ವ 46ನೆಯ ವರ್ಷವನ್ನು 445 ದಿನಗಳಷ್ಟು ಹಿಗ್ಗಿಸಬೇಕಾಯಿತು. ಸೀಸರನು ಅಲೆಕ್ಸಾಂಡ್ರಿಯದ ಸೋಸಿಜಿನೀಸನ ಸಲಹೆಯಿಂದ ವರ್ಷಕ್ಕೆ 365 ದಿನ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು ಎಂದು ಗೊತ್ತುಮಾಡಿದನು. ಬಿತ್ತುವವನಿಗೂ ಸಾಲದ ಲೆಕ್ಕ ಇಡುವವನಿಗೂ ಅದು ಉಪಯುಕ್ತವಾಯಿತು. ಉಪಯೋಗದೊಡನೆ ಹೆಸರೂ ಉಳಿಯಿತು.

ಶಿಷ್ಯೆ: ನಮ್ಮ ಅಪ್ಪ ಬಿತ್ತುವುದು ಮಿರಗದ ಮಳೆ, ಆರಿದ್ರಾ ಮಳೆ ನೋಡಿಕೊಂಡು. ಜುಲೈ ಆಗಸ್ಟ್ ಎಂಬುವು ಅವರಿಗೆ ಬ್ಯಾಂಕಿನ ಪಾಸುಬುಕ್ಕಿನಲ್ಲಿ ಮಾತ್ರ.

ಮಾಸ್ತರರು: ಖರೆ. ಆದರೆ ಮಿರಗ ಕೂಡುವುದು ಯಾವಾಗ ಎಂದು ಕೇಳಿ ನೋಡು; ಜೂನ್ 7 ಅಥವಾ 8 ಎಂದೇ ಹೇಳುವರು. ಮಳೆಯ ನಕ್ಷತ್ರಗಳು ಸೂರ್ಯನ ನಡೆಯನ್ನು ಅನುಸರಿಸುವುವು, ಸೀಸರನ ವರ್ಷವೂ ಹಾಗೆಯೇ. ಆದ್ದರಿಂದ ಪುನರ್ವಸು ಪುಷ್ಯಗಳು ಜುಲೈಯಲ್ಲಿಯೂ, ಆಶ್ಲೇಷಾ ಮಘಾಗಳು ಆಗಸ್ಟಿನಲ್ಲಿಯೂ ಕೂಡುತ್ತವೆ. ತೊಗರಿಯ ಹೊಲದಲ್ಲಿ ಎರಡು ಲೆಕ್ಕಗಳೂ ಜಗಳವಿಲ್ಲದೆ ನಡೆದಿವೆ.

ನೀನು ಕೇಳಿದ ಹೇರಿಕೆಯ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ಉದಾಹರಣೆಯಿದೆ. ಬಹಮನಿ ಸುಲ್ತಾನರು 1347ರಲ್ಲಿ ರಾಜ್ಯವನ್ನು ಸ್ಥಾಪಿಸಿ, ಕಲಬುರಗಿಗೆ 'ಅಹ್ಸನಾಬಾದ್' ಎಂದು ಹೆಸರಿಟ್ಟು, ತಮ್ಮ ನಾಣ್ಯಗಳ ಮೇಲೆ ಅಚ್ಚೊತ್ತಿಸಿದರು. ನಾಣ್ಯಗಳು ಇವೆ, ಅಹ್ಸನಾಬಾದ್ ಎಂದು ಕರೆಯುವ ಒಂದು ಬಾಯಿಯೂ ಇಲ್ಲ. ಸಂತೆಗೆ ಹೋಗುವವರು ಕಲಬುರಗಿ ಎನ್ನುವುದನ್ನು ಬಿಡಲಿಲ್ಲ. 2014ರ ನವೆಂಬರ್ 1ರಂದು ಸರಕಾರವೂ ಅದನ್ನೇ ಬರೆಯತೊಡಗಿತು.

ಶಿಷ್ಯೆ: ರೋಮಿನವರಂತೆ ನಮ್ಮ ದೊರೆಗಳ ಹೆಸರೂ ಬಿರುದಾಗಿ ಹೊರದೇಶಕ್ಕೆ ಹೋದದ್ದುಂಟೆ?

ಮಾಸ್ತರರು: ಉಂಟು, ಮತ್ತು ಅದು ನಮ್ಮ ಜಿಲ್ಲೆಯದೇ. ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ರಾಷ್ಟ್ರಕೂಟರು ಮಾನ್ಯಖೇಟವೆಂಬ ರಾಜಧಾನಿಯಿಂದ ಆಳುತ್ತಿದ್ದಾಗ, ಚಾಲುಕ್ಯರಿಂದ ಅವರಿಗೆ ಬಂದ 'ವಲ್ಲಭ' ಎಂಬ ಬಿರುದು ಜನರ ನುಡಿಯಲ್ಲಿ 'ಬಲ್ಲಹ' ಆಗಿದ್ದಿತು. ವಲ್ಲಭರಾಜನೆಂಬುದನ್ನು ಅರಬ್ ವರ್ತಕರು 'ಬಲ್ಹರಾ' ಎಂದು ಕೇಳಿಕೊಂಡರು. ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದ 851ರ ಅರಬ್ಬೀ ವೃತ್ತಾಂತವು ಲೋಕದ ಮಹಾರಾಜರು ನಾಲ್ವರೆಂದು ಎಣಿಸುತ್ತದೆ: ಅರಬರ ಖಲೀಫ, ಚೀನದ ಸಮ್ರಾಟ, ರೂಮಿನ ದೊರೆ, ನಾಲ್ಕನೆಯವನು ಕಿವಿ ಚುಚ್ಚಿಸಿಕೊಂಡ ಜನರ ಅರಸನಾದ ಬಲ್ಹರಾ. ಬಲ್ಹರಾ ಎಂಬುದು ಒಬ್ಬನ ಹೆಸರಲ್ಲ, ಪಾರಸಿಗಳ ಖುಸ್ರೋ ಎಂಬಂತೆ ಅಲ್ಲಿಯ ಅರಸರೆಲ್ಲರಿಗೂ ಸಲ್ಲುವುದು ಎಂದೂ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಯಾವ ವರ್ಷ ಇದು ಬರೆಯಲ್ಪಟ್ಟಿತೋ ಆ ವರ್ಷ ಮಾನ್ಯಖೇಟದ ಸಿಂಹಾಸನದ ಮೇಲಿದ್ದವನು ಅಮೋಘವರ್ಷ ನೃಪತುಂಗ, ಕವಿರಾಜಮಾರ್ಗವು ಯಾವನ ಆಸ್ಥಾನದಲ್ಲಿ ಹುಟ್ಟಿತೋ ಆತನು. ರೂಮಿನ ಕೈಸರನೂ ನಮ್ಮ ಬಲ್ಲಹನೂ ಒಂದೇ ಪುಟದಲ್ಲಿ ಸಮಾನರಾಗಿ ನಿಂತಿರುವುದನ್ನು ಈ ಸೀಮೆಯ ಶಾಲೆಗಳಲ್ಲಿ ಮಕ್ಕಳಿಗೆ ಯಾರೂ ಹೇಳುವುದಿಲ್ಲವೆಂಬುದು ನನಗೆ ಬಹುಕಾಲದ ವ್ಯಥೆ.

ಶಿಷ್ಯೆ: ಆ ಬಲ್ಲಹನೆಂಬ ಹೆಸರನ್ನು ಇಂದು ಯಾರಾದರೂ ಇಟ್ಟುಕೊಂಡಿದ್ದಾರೆಯೆ? ನನಗಂತೂ ವಾರ್ಡಿನಲ್ಲಿ ಒಬ್ಬರೂ ಸಿಕ್ಕಿಲ್ಲ. ಬಸವನ ಹೆಸರಿಗೆ ಮಾತ್ರ ಲೆಕ್ಕವೇ ಇಲ್ಲ. ಬಸಪ್ಪ, ಬಸಮ್ಮ, ಬಸವರಾಜ, ಬಸಲಿಂಗಪ್ಪ, ಶರಣಬಸಪ್ಪ. ಒಮ್ಮೆ ಕೂಸಿನ ತಂದೆಯೂ ಅಜ್ಜನೂ ಬಸವರಾಜರೇ ಆಗಿ, ಹಾಳೆಯಲ್ಲಿ ಯಾರು ಯಾರೆಂದು ಗುರುತಿಸುವುದು ಕಠಿಣವಾಯಿತು.

ಮಾಸ್ತರರು: ಬಲ್ಲಹನು 973ರಲ್ಲಿ ರಾಷ್ಟ್ರಕೂಟರೊಡನೆ ಹೋದನು, ಸಿಂಹಾಸನದ ಆಚೆಗೆ ಅವನಿಗೆ ಮನೆಯಿರಲಿಲ್ಲ. ಬಸವನ ಮಾತು ಬೇರೆ. ಬಸವಣ್ಣನವರಿದ್ದ ಹನ್ನೆರಡನೆಯ ಶತಮಾನದ ಕಲ್ಯಾಣವು ಇಲ್ಲಿಂದ ದೂರವಲ್ಲ. ಆ ಹೆಸರನ್ನು ಮುಂದೆ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಕೂಸೊಂದು ಪಡೆದು, ಕಲಬುರಗಿಯಲ್ಲಿ ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರಾಗಿ, ಹೆಸರಿಗೆ ಎರಡನೆಯ ಬುಗ್ಗೆಯನ್ನು ತೆರೆಯಿತು. ನಮ್ಮ ಊರಿನ ಶರಣಬಸಪ್ಪರೆಲ್ಲ ಆ ನೀರಿನವರು. ಅರಸರೂ ಅದನ್ನು ಇಟ್ಟುಕೊಂಡರು, ಕೆಳದಿಯ ಬಸಪ್ಪನಾಯಕನಂತೆ. ಆದರೆ ಒಕ್ಕಲಿಗನ ಮಗನಿಗೆ ಇಟ್ಟಂತೆ ತೊಟ್ಟಿಲ ಹೆಸರಾಗಿಯೇ ಇಟ್ಟುಕೊಂಡರು.

ಶಿಷ್ಯೆ: ಹಾಗಾದರೆ ಪದವಿಗೆ ಏರಿದ ಹೆಸರು ಅಳಿಯುತ್ತದೆ, ತೊಟ್ಟಿಲಿನ ಹೆಸರು ಉಳಿಯುತ್ತದೆ ಎಂದು ಹೇಳಬಹುದೆ?

ಮಾಸ್ತರರು: ಅಷ್ಟು ಸರಳವಾಗಿ ಹೇಳಬೇಡ. ಆ ಖೈಸರನೆಂಬ ಕೂಸು ಪದವಿಯ ಹೆಸರು ಮರಳಿ ತೊಟ್ಟಿಲಿಗೆ ಬಂದುದಕ್ಕೆ ಸಾಕ್ಷಿ. ಪದವಿಯು ಹೆಸರನ್ನು ನುಂಗಿದ್ದೂ ಉಂಟು. ಅಶೋಕ ಚಕ್ರವರ್ತಿಯ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳೇ ಇದ್ದು, ಅವನು ಅಶೋಕನೆಂದು ಶಾಸನದಿಂದಲೇ ಸಿದ್ಧಪಟ್ಟದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಿಂದ. ಬಂಗಾರದ ಗಣಿಯ ಇಂಜಿನಿಯರ್ ಬೀಡನ್ ಎಂಬಾತನು ಅದನ್ನು ಕಂಡುಹಿಡಿದನು. ಚಿತ್ತಾಪುರ ತಾಲೂಕಿನ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಂಡೆಯ ಸ್ತೂಪದಲ್ಲಿ, ರಾಣಿಯೊಡನೆ ನಿಂತ ಆ ಅರಸನ ಕೆತ್ತನೆಯ ಮೇಲೆ ರಾಜ ಅಶೋಕನೆಂದು ಬ್ರಾಹ್ಮಿಯಲ್ಲಿ ಬರೆದಿದೆ. ರೋಮಿನಲ್ಲಿ ಹೆಸರು ಬಿರುದಾಯಿತು. ಇಲ್ಲಿ ಬಿರುದಿನ ಹಿಂದೆ ಅಡಗಿದ್ದ ಹೆಸರನ್ನು ನಮ್ಮ ಕಲ್ಲುಗಳು ಹೊರಗೆ ತಂದುವು. ಬಲ್ಲಹನ ಬಿರುದು ಹೋದರೂ, ಅಮೋಘವರ್ಷ ಎಂಬ ಅವನ ಇನ್ನೊಂದು ಬಿರುದನ್ನು ಈಚೆಗೆ ಕನ್ನಡದ ತಂದೆತಾಯಿಗಳು ಮಕ್ಕಳಿಗೆ ಇಡತೊಡಗಿದ್ದಾರೆ. ನೃಪತುಂಗನೆಂಬುದು ಬೆಂಗಳೂರಿನ ರಸ್ತೆಯೊಂದರ ಹೆಸರಾಗಿದೆ.

ಶಿಷ್ಯೆ: ಮಳಖೇಡದ ಹತ್ತಿರ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಸಿಮೆಂಟ್ ಕಾರ್ಖಾನೆಯ ಊರೆಂದೇ ನನಗೆ ಗೊತ್ತು.

ಮಾಸ್ತರರು: ಬಹುಜನರಿಗೆ ಹಾಗೆಯೇ ಗೊತ್ತು. ಶಾಲೆಯ ಪ್ರವಾಸಗಳು ನಮ್ಮ ತಾಲೂಕಿನಿಂದ ಮೈಸೂರಿಗೆ ಹೋಗುತ್ತವೆ, ವಿಜಯಪುರಕ್ಕೆ ಹೋಗುತ್ತವೆ. ಹೋಗಲಿ, ಅವೂ ನೋಡತಕ್ಕ ಸ್ಥಳಗಳೇ. ಕಲಬುರಗಿಯಿಂದ ಸುಮಾರು ನಲವತ್ತು ಕಿಲೋಮೀಟರಿನಲ್ಲಿರುವ ಆ ಕೋಟೆಗೆ ಒಂದು ದಿನ, ಕನಗನಹಳ್ಳಿಗೆ ಒಂದು ದಿನ, ಮಕ್ಕಳನ್ನು ಕರೆದುಕೊಂಡು ಹೋಗಿರೆಂದು ಈ ಊರಿನ ಪಾಲಕರಿಗೂ ಶಿಕ್ಷಕರಿಗೂ ನಾನು ಹೇಳುತ್ತಲೇ ಬಂದಿದ್ದೇನೆ, ನೀನೂ ಹೇಳು.